ಕಡೂರಿಗೆ ಒಂದು, ಕಳಸಕ್ಕೆ ಇನ್ನೊಂದು: ಪೊಲೀಸ್ ಗಸ್ತು ಗಾಡಿ ಆರಿಸುವುದು ಹೇಗೆ?

ಕಡೂರಿನಲ್ಲಿ ಓಡಾಡುವ ಪೊಲೀಸ್ ಗಾಡಿಯೂ ಕಳಸದಲ್ಲಿ ಓಡಾಡುವ ಗಾಡಿಯೂ ಚಿಕ್ಕಮಗಳೂರು ಜಿಲ್ಲೆಯವೇ. ಎರಡರ ಮೇಲೂ 112 ಎಂಬ ತುರ್ತು ಕರೆಯ ಸಂಖ್ಯೆ ಇರುತ್ತದೆ. ಆದರೆ ಅವು ತುಳಿಯುವ ನೆಲ ಬೇರೆ ಬೇರೆ. ಕಡೂರಿನದು ಬಯಲುಸೀಮೆ. ಅರಸೀಕೆರೆ ಕಡೆಯಿಂದ ಬರುವ ರಾಷ್ಟ್ರೀಯ ಹೆದ್ದಾರಿ 69 ಕಡೂರು, ಬೀರೂರು, ತರೀಕೆರೆ ದಾಟಿ ಶಿವಮೊಗ್ಗಕ್ಕೆ ಹೋಗುತ್ತದೆ. ಅಲ್ಲಿನ ಗಾಡಿ ನೇರ ರಸ್ತೆಯಲ್ಲಿ ಜಾಸ್ತಿ ಕಿಲೋಮೀಟರ್ ಓಡಬೇಕು, ಬಿಸಿಲಲ್ಲಿ ಗಂಟೆಗಟ್ಟಲೆ ನಿಲ್ಲಬೇಕು. ಕಳಸದ ಕಡೆ ರಸ್ತೆ ಕಿರಿದು. ಒಂದು ಪಕ್ಕ ಧರೆ, ಅಂದರೆ ಗುಡ್ಡ ಕಡಿದು ಬಿಟ್ಟ ಮಣ್ಣಿನ ಗೋಡೆ, ಇನ್ನೊಂದು ಪಕ್ಕ ಇಳಿಜಾರು. ಮಳೆಗಾಲದಲ್ಲಿ ಧರೆ ಕುಸಿಯುತ್ತದೆ, ಮರ ಬೀಳುತ್ತದೆ, ತೋಟದೊಳಗಿನ ಮಣ್ಣಿನ ದಾರಿ ಕೆಸರಾಗುತ್ತದೆ. ರಾತ್ರಿ ಹೊತ್ತು ತೋಟದ ಕಾರ್ಮಿಕರ ಲೈನ್ ಮನೆಯೊಂದರಿಂದ ಕರೆ ಬಂದರೆ ಆ ಕೆಸರಿನಲ್ಲೇ ಹೋಗಬೇಕು.

ಪಕ್ಕದ ಹಾಸನವೂ ಹೀಗೆಯೇ. ಚನ್ನರಾಯಪಟ್ಟಣದ ಹತ್ತಿರ ಹೆದ್ದಾರಿ 75 ನಾಲ್ಕು ಪಥದ ರಸ್ತೆ. ಅದೇ ಹೆದ್ದಾರಿ ಸಕಲೇಶಪುರ ದಾಟಿದ ಮೇಲೆ ಶಿರಾಡಿ ಘಾಟಿಯಾಗುತ್ತದೆ.

ಹೀಗಿರುವಾಗ ಇಡೀ ಜಿಲ್ಲೆಗೆ ಒಂದೇ ಮಾದರಿಯ ಗಾಡಿ ತಂದು ಎಲ್ಲಾ ಠಾಣೆಗೂ ಹಂಚುವುದು ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ. ಬೆಂಗಳೂರಿನ ಗಸ್ತು ಗಾಡಿಗೆ ಹೊಯ್ಸಳ ಎಂದು ಹೆಸರು. ಬೇಲೂರು, ಹಳೇಬೀಡಿನವರಿಗೆ ಅದು ಹೆಮ್ಮೆಯ ವಿಷಯ. ಆದರೆ ಬೆಂಗಳೂರಿನ ಸಿಗ್ನಲ್‌ಗಳ ನಡುವೆ ಸರಿಹೋಗುವ ಗಾಡಿ ಬಿಸಿಲೆ ಘಾಟಿಗೆ ಸರಿಹೋಗಬೇಕು ಅಂತೇನಿಲ್ಲ. ಗಸ್ತು ಗಾಡಿಯನ್ನು ಯಾವ ಲೆಕ್ಕದಲ್ಲಿ ಆರಿಸಬೇಕು ಎಂದು ಸ್ವಲ್ಪ ಬಿಡಿಸಿ ನೋಡೋಣ.

ವೇಗಕ್ಕಿಂತ ಎಳೆತ, ಎಳೆತಕ್ಕಿಂತ ಬ್ರೇಕ್

ಪೊಲೀಸ್ ಗಾಡಿ ಎಂದ ಕೂಡಲೇ ಬಹಳ ಜನರಿಗೆ ನೆನಪಾಗುವುದು ಬೆನ್ನಟ್ಟುವ ದೃಶ್ಯ. ಹಾಗಾಗಿ ಗಾಡಿ ಎಷ್ಟು ಜೋರಾಗಿ ಓಡುತ್ತದೆ ಎಂಬ ಪ್ರಶ್ನೆಯೇ ಮುಂದೆ ಬರುತ್ತದೆ. ನಮ್ಮ ಘಾಟಿಗಳಲ್ಲಿ ಈ ಪ್ರಶ್ನೆಗೆ ಅರ್ಥ ಕಡಿಮೆ. ಚಾರ್ಮಾಡಿ ಘಾಟಿಯ ಮೇಲ್ತುದಿ ಕೊಟ್ಟಿಗೆಹಾರ, ಕೆಳತುದಿ ಚಾರ್ಮಾಡಿ. ನಡುವೆ ತಪ್ಪಿಸಿಕೊಂಡು ಹೋಗಲು ದೊಡ್ಡ ಅಡ್ಡದಾರಿ ಇಲ್ಲ. ಶಿರಾಡಿಯಲ್ಲೂ ಮೇಲೆ ಮಾರನಹಳ್ಳಿ, ಕೆಳಗೆ ಗುಂಡ್ಯ. ಓಡುವವನ ಹಿಂದೆ ಬಿದ್ದು ಹೇರ್‌ಪಿನ್ ತಿರುವಿನಲ್ಲಿ ಜೀವ ಪಣಕ್ಕಿಡುವುದಕ್ಕಿಂತ ವೈರ್‌ಲೆಸ್‌ನಲ್ಲಿ ಇನ್ನೊಂದು ತುದಿಗೆ ಹೇಳಿ ನಾಕಾಬಂದಿ ಹಾಕಿಸುವುದು ಎಷ್ಟೋ ಮೇಲು. ಯಾವ ಗಾಡಿಯೂ ವೈರ್‌ಲೆಸ್‌ಗಿಂತ ವೇಗವಾಗಿ ಓಡುವುದಿಲ್ಲ, ಅಲ್ವಾ?

ಘಾಟಿ ಹತ್ತಲು ಬಹಳ ಅಶ್ವಶಕ್ತಿ ಬೇಕು ಎಂಬುದೂ ಪೂರ್ತಿ ನಿಜವಲ್ಲ. ಸಿಬ್ಬಂದಿ, ಸಾಮಾನು ಸೇರಿ ಎರಡು ಟನ್ ತೂಗುವ ಗಾಡಿ ಎಂದಿಟ್ಟುಕೊಳ್ಳಿ. ನೂರು ಮೀಟರ್ ಹೋಗುವಷ್ಟರಲ್ಲಿ ಹತ್ತು ಮೀಟರ್ ಎತ್ತರ ಏರುವ ರಸ್ತೆ. ಗಂಟೆಗೆ 30 ಕಿಲೋಮೀಟರ್ ವೇಗ. ಈ ಏರನ್ನು ಹತ್ತುವುದಕ್ಕೆ ಮಾತ್ರ ಬೇಕಾಗುವುದು ಸುಮಾರು 22 ಅಶ್ವಶಕ್ತಿ. ಟೈರಿನ ಘರ್ಷಣೆ, ಗಾಳಿಯ ತಡೆ, ಗೇರ್‌ಬಾಕ್ಸಿನ ನಷ್ಟ ಎಲ್ಲಾ ಸೇರಿಸಿದರೂ 30ರ ಆಸುಪಾಸು. ಇವತ್ತಿನ ಯಾವ ಗಾಡಿಯಲ್ಲೂ ಅಷ್ಟು ಶಕ್ತಿ ಇರುತ್ತದೆ.

ಹಾಗಾದರೆ ವ್ಯತ್ಯಾಸ ಬರುವುದೆಲ್ಲಿ? ಆ ಶಕ್ತಿ ಎಂಜಿನ್ ಎಷ್ಟು ತಿರುಗಿದಾಗ ಸಿಗುತ್ತದೆ ಎಂಬಲ್ಲಿ. ಮಹೀಂದ್ರಾ ಬೊಲೆರೊದ 1.5 ಲೀಟರ್ ಡೀಸೆಲ್ ಎಂಜಿನ್ ಕೊಡುವುದು 75 ಅಶ್ವಶಕ್ತಿ. ಮಾರುತಿ ಎರ್ಟಿಗಾದ 1.5 ಲೀಟರ್ ಪೆಟ್ರೋಲ್ ಎಂಜಿನ್ ನೂರಕ್ಕೂ ಸ್ವಲ್ಪ ಜಾಸ್ತಿ ಕೊಡುತ್ತದೆ. ಕಾಗದದ ಮೇಲೆ ಎರ್ಟಿಗಾವೇ ಬಲಶಾಲಿ. ಆದರೆ ಡ್ರೈವರ್‌ಗಳು ಪುಲ್ಲಿಂಗ್ ಎಂದು ಕರೆಯುವ ಟಾರ್ಕ್ ನೋಡಿ. ಬೊಲೆರೊದಲ್ಲಿ 210 ನ್ಯೂಟನ್ ಮೀಟರ್, ಅದೂ ಎಂಜಿನ್ ನಿಮಿಷಕ್ಕೆ 1600 ಸುತ್ತು ತಿರುಗಿದಾಗಲೇ ಸಿಗುತ್ತದೆ. ಎರ್ಟಿಗಾದಲ್ಲಿ ಸುಮಾರು 137, ಅದಕ್ಕೆ ಎಂಜಿನ್ 4400 ಸುತ್ತು ತಿರುಗಬೇಕು. ಅಂದರೆ ತಿರುವಿನಲ್ಲಿ ನಿಂತು ಮತ್ತೆ ಹೊರಡುವಾಗ ಪೆಟ್ರೋಲ್ ಗಾಡಿಯನ್ನು ಚಿಕ್ಕ ಗೇರಿನಲ್ಲಿ ಜೋರಾಗಿ ರೇಸ್ ಮಾಡಬೇಕು, ಕ್ಲಚ್ಚನ್ನು ಜಾಸ್ತಿ ಉಜ್ಜಬೇಕು. ದಿನಕ್ಕೊಮ್ಮೆ ಹತ್ತುವವರಿಗೆ ಇದು ದೊಡ್ಡದಲ್ಲ. ಪಾಳಿಯುದ್ದಕ್ಕೂ ಏರಿಳಿಯುವ ಗಾಡಿಯ ಕ್ಲಚ್ ಪ್ಲೇಟ್ ಬೇಗ ಸವೆಯುತ್ತದೆ.

ಎತ್ತರವೂ ಒಂದು ಕಾರಣ. ಮೇಲೆ ಹೋದಂತೆ ಗಾಳಿ ತೆಳುವಾಗುತ್ತದೆ. ಟರ್ಬೊ ಇಲ್ಲದ ಎಂಜಿನ್ ಪ್ರತಿ ಸಾವಿರ ಮೀಟರಿಗೆ ಸುಮಾರು ಹತ್ತನೇ ಒಂದು ಭಾಗ ಶಕ್ತಿ ಕಳೆದುಕೊಳ್ಳುತ್ತದೆ. ಚಿಕ್ಕಮಗಳೂರು ಪಟ್ಟಣವೇ ಸಾವಿರ ಮೀಟರಿಗೂ ಮೇಲಿದೆ. ಮುಳ್ಳಯ್ಯನಗಿರಿಯ ತುದಿ 1900 ಮೀಟರ್ ದಾಟುತ್ತದೆ. ಟರ್ಬೊ ಇರುವ ಎಂಜಿನ್ ಗಾಳಿಯನ್ನು ಒತ್ತಿ ತುಂಬಿಕೊಳ್ಳುವುದರಿಂದ ಈ ನಷ್ಟವನ್ನು ಬಹುಮಟ್ಟಿಗೆ ಸರಿದೂಗಿಸುತ್ತದೆ. ಈಗಿನ ಡೀಸೆಲ್ ಗಾಡಿಗಳಲ್ಲೆಲ್ಲಾ ಟರ್ಬೊ ಇದೆ. ವಾರದ ಕೊನೆಯಲ್ಲಿ ಪ್ರವಾಸಿಗರ ಕಾರುಗಳು ಸಾಲುಗಟ್ಟಿದಾಗ ಗಿರಿಯ ಮೇಲೆ ಟ್ರಾಫಿಕ್ ನೋಡಿಕೊಳ್ಳುವ ಸಿಬ್ಬಂದಿಗೆ ಇದು ದಿನನಿತ್ಯದ ಅನುಭವಕ್ಕೆ ಬರುವ ವಿಷಯ.

ಹತ್ತುವುದಕ್ಕಿಂತ ಇಳಿಯುವುದು ಕಷ್ಟ. ಅದೇ ಎರಡು ಟನ್ ಗಾಡಿ ಅದೇ ವೇಗದಲ್ಲಿ ಇಳಿಯುವಾಗ 16 ಕಿಲೋವ್ಯಾಟ್‌ನಷ್ಟು ಶಕ್ತಿಯನ್ನು ಎಲ್ಲಾದರೂ ಕಳೆಯಬೇಕು. ಮನೆಯ ಎಂಟು ಗೀಸರ್‌ಗಳನ್ನು ಒಟ್ಟಿಗೆ ಹಾಕಿದಷ್ಟು ಬಿಸಿ ಅದು. ಬ್ರೇಕನ್ನೇ ನಂಬಿ ಇಳಿದರೆ ಆ ಬಿಸಿಯೆಲ್ಲಾ ಬ್ರೇಕ್ ಪ್ಯಾಡಿಗೆ ಹೋಗುತ್ತದೆ. ಪ್ಯಾಡ್ ಕಾದು, ಹಿಡಿತ ಕಡಿಮೆಯಾಗುತ್ತದೆ. ಬ್ರೇಕ್ ಆಯಿಲ್ ಹಳೆಯದಾಗಿ ನೀರಿನಂಶ ಸೇರಿದ್ದರೆ ಅದು ಕುದಿದು ಪೆಡಲ್ ಒಳಗೆ ಹೋಗಿಬಿಡಬಹುದು. ಆದ್ದರಿಂದ ಘಾಟಿ ಠಾಣೆಯ ಗಾಡಿಗೆ ಚಿಕ್ಕ ಗೇರಿನಲ್ಲಿ ಎಂಜಿನ್ ಚೆನ್ನಾಗಿ ತಡೆಹಿಡಿಯುವ ಗುಣ ಬೇಕು. ಆಟೊಮ್ಯಾಟಿಕ್ ಕೊಳ್ಳುವುದಾದರೆ ಗೇರನ್ನು ಕೈಯಿಂದ ಹಿಡಿದಿಡುವ ಸೌಲಭ್ಯ ಇದ್ದದ್ದನ್ನೇ ಕೊಳ್ಳಬೇಕು.

ನಿಂತಲ್ಲೇ ಸವೆಯುವ ಗಾಡಿ

ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಸ್ವಂತ ಕಾರು ಇರುವವರಿಗೆ ಸುಲಭವಾಗಿ ಹೊಳೆಯದ ವಿಷಯ ಇದು. ಗಸ್ತು ಗಾಡಿ ಓಡುವಷ್ಟೇ ನಿಲ್ಲುತ್ತದೆ. ಸರ್ಕಲ್‌ನಲ್ಲಿ, ಚೆಕ್‌ಪೋಸ್ಟ್‌ನಲ್ಲಿ, ಜಾತ್ರೆಯಲ್ಲಿ, ಅಪಘಾತವಾದ ಜಾಗದಲ್ಲಿ ಎಂಜಿನ್ ಚಾಲೂ ಇಟ್ಟುಕೊಂಡೇ ನಿಲ್ಲುತ್ತದೆ. ಮೇಲಿನ ದೀಪ ಮಿನುಗುತ್ತಿರಬೇಕು, ವೈರ್‌ಲೆಸ್ ಸೆಟ್ ನಡೆಯುತ್ತಿರಬೇಕು, 112ರ ಕರೆ ಬರುವ ಪರದೆ ಆರಬಾರದು.

ಅಮೆರಿಕದ ಫೋರ್ಡ್ ಕಂಪನಿ ತನ್ನ ಪೊಲೀಸ್ ಗಾಡಿಗಳಿಗೆ ಒಂದು ಲೆಕ್ಕ ಕೊಟ್ಟಿತ್ತು. ಎಂಜಿನ್ ಒಂದು ಗಂಟೆ ನಿಂತಲ್ಲೇ ನಡೆದರೆ ಅದರ ಸವೆತ 33 ಮೈಲಿ, ಅಂದರೆ ಸುಮಾರು 53 ಕಿಲೋಮೀಟರ್ ಓಡಿದಷ್ಟು. ನಮ್ಮ ಗಾಡಿಗೆ ಇದೇ ಸಂಖ್ಯೆ ಹೊಂದುತ್ತದೆ ಎಂದಲ್ಲ, ಅಂದಾಜಿಗೆ ತೆಗೆದುಕೊಳ್ಳೋಣ. ದಿನಕ್ಕೆ 200 ಕಿಲೋಮೀಟರ್ ಓಡಿ, ಐದು ಗಂಟೆ ಚಾಲೂ ಸ್ಥಿತಿಯಲ್ಲಿ ನಿಂತ ಗಾಡಿಯ ಮೀಟರ್ 200 ತೋರಿಸುತ್ತದೆ. ಎಂಜಿನ್ನಿನ ಪಾಲಿಗೆ ಅದು 465. ಆಯಿಲ್ ಬದಲಾಯಿಸುವುದನ್ನು ಕಿಲೋಮೀಟರ್ ಲೆಕ್ಕದಲ್ಲೇ ಮಾಡುತ್ತಾ ಹೋದರೆ ಎಂಜಿನ್ ಬೇಗ ಕೆಡುತ್ತದೆ. ಅದಕ್ಕೇ ಎಂಜಿನ್ ನಡೆದ ಗಂಟೆಗಳನ್ನು ತೋರಿಸುವ ಮೀಟರ್ ಇರಬೇಕು, ಸರ್ವಿಸ್ ಆ ಲೆಕ್ಕದಲ್ಲಿ ಆಗಬೇಕು. ಖರ್ಚನ್ನೂ ನೋಡಿ. ಗಂಟೆಗೆ 0.8 ಲೀಟರ್ ಉರಿದರೆ ಐದು ಗಂಟೆಗೆ ನಾಲ್ಕು ಲೀಟರ್. ಲೀಟರಿಗೆ 90 ರೂಪಾಯಿ ಹಿಡಿದರೆ ಒಂದು ಗಾಡಿ ವರ್ಷಕ್ಕೆ ನಿಂತಲ್ಲೇ 1,31,400 ರೂಪಾಯಿ ಸುಡುತ್ತದೆ.

ಹೊಗೆಯ ಮಿತಿ ಬಿಗಿ ಮಾಡಿದ ಬಿಎಸ್6 ನಿಯಮ ಬಂದ ಮೇಲೆ ಇನ್ನೊಂದು ತೊಂದರೆ ಸೇರಿಕೊಂಡಿದೆ. 2020ರ ಏಪ್ರಿಲ್ 1ರಿಂದ ಮಾರಾಟವಾದ ಡೀಸೆಲ್ ಗಾಡಿಗಳ ಸೈಲೆನ್ಸರ್ ಸಾಲಿನಲ್ಲಿ ಮಸಿ ಹಿಡಿಯುವ ಒಂದು ಶೋಧಕ ಇರುತ್ತದೆ. ಇದಕ್ಕೆ ಡಿಪಿಎಫ್ ಎನ್ನುತ್ತಾರೆ. ತುಂಬಿದ ಮಸಿಯನ್ನು ಅದು ತಾನೇ ಸುಟ್ಟುಕೊಳ್ಳಬೇಕು. ಅದಕ್ಕೆ ಸುಮಾರು 600 ಡಿಗ್ರಿ ಬಿಸಿ ಬೇಕು. ಅಷ್ಟು ಬಿಸಿ ಬರಬೇಕಾದರೆ ಗಾಡಿ ಒಂದಷ್ಟು ಹೊತ್ತು ಬಿಡದೆ ಒಂದೇ ವೇಗದಲ್ಲಿ ಓಡಬೇಕು. ನಿಂತಲ್ಲೇ ನಿಂತು, ಊರೊಳಗೆ ಒಂದು ಸುತ್ತು ಹೊಡೆದು ಮತ್ತೆ ನಿಲ್ಲುವ ಗಾಡಿಗೆ ಆ ಅವಕಾಶವೇ ಇಲ್ಲ. ಮಸಿ ಕಟ್ಟುತ್ತದೆ, ಡ್ಯಾಶ್‌ಬೋರ್ಡಿನಲ್ಲಿ ದೀಪ ಹತ್ತುತ್ತದೆ, ಕೊನೆಗೆ ಗಾಡಿ ಎಳೆಯುವುದನ್ನೇ ನಿಲ್ಲಿಸುತ್ತದೆ. ಇದಕ್ಕೆ ಡ್ರೈವರನ್ನು ಬೈದು ಪ್ರಯೋಜನವಿಲ್ಲ. ಹಾಸನ ನಗರದ ಗಾಡಿಯಾದರೆ ವಾರಕ್ಕೊಮ್ಮೆ ಚನ್ನರಾಯಪಟ್ಟಣದ ಕಡೆ ಹೆದ್ದಾರಿಯಲ್ಲಿ ಒಂದೇ ಸಮ ಓಡಿಸಿ ತರಲು ಅನುಮತಿ ಕೊಡಬೇಕು. ಊರೊಳಗೇ ಸುತ್ತುವ ಗಾಡಿಗೆ ಡೀಸೆಲ್ ಬಿಟ್ಟು ಪೆಟ್ರೋಲ್ ಅಥವಾ ಹೈಬ್ರಿಡ್ ಆರಿಸುವುದು ಇನ್ನೂ ಒಳ್ಳೆಯದು. ಅಮೆರಿಕದಲ್ಲಿ ಫೋರ್ಡ್ 2020ರ ಮಾದರಿಯಿಂದ ತಂದ ಹೈಬ್ರಿಡ್ ಪೊಲೀಸ್ ಗಾಡಿಯ ಮುಖ್ಯ ಲಾಭವೇ ಇದು. ನಿಂತಾಗ ದೀಪ, ರೇಡಿಯೊಗಳಿಗೆ ಬ್ಯಾಟರಿ ಕರೆಂಟ್ ಕೊಡುತ್ತದೆ. ಎಂಜಿನ್ ಆರುತ್ತದೆ, ಬೇಕಾದಾಗ ಮಾತ್ರ ಹತ್ತುತ್ತದೆ.

ಸಾಮಾನ್ಯ ಗಾಡಿಯ ಎಂಜಿನ್ ಆರಿಸಿ ನಿಂತರೆ ಏನಾಗುತ್ತದೆ? ದೀಪ, ವೈರ್‌ಲೆಸ್, ಪರದೆ, ಕ್ಯಾಮೆರಾ, ನಾಲ್ಕು ಫೋನ್ ಚಾರ್ಜ್, ಎಲ್ಲಾ ಸೇರಿ ಹತ್ತು ಆಂಪಿಯರ್ ಎಳೆಯುತ್ತವೆ ಎಂದಿಟ್ಟುಕೊಳ್ಳಿ. 65 ಆಂಪಿಯರ್ ಅವರ್ ಬ್ಯಾಟರಿ ಮೂರು ಗಂಟೆಯಲ್ಲಿ ಅರ್ಧದ ಹತ್ತಿರ ಬರುತ್ತದೆ. ಕೊಟ್ಟಿಗೆಹಾರದ ಚಳಿ ರಾತ್ರಿಯಲ್ಲಿ ಆ ಬ್ಯಾಟರಿ ಡೀಸೆಲ್ ಎಂಜಿನ್ನನ್ನು ಸ್ಟಾರ್ಟ್ ಮಾಡುವುದು ಅನುಮಾನ. ಉಪಕರಣಗಳಿಗೆ ಬೇರೆಯೇ ಎರಡನೇ ಬ್ಯಾಟರಿ ಇಟ್ಟು, ಸ್ಟಾರ್ಟಿಂಗ್ ಬ್ಯಾಟರಿ ಖಾಲಿಯಾಗದಂತೆ ನಡುವೆ ತಡೆ ಹಾಕಿದರೆ ಈ ಕಷ್ಟ ತಪ್ಪುತ್ತದೆ. ಗಾಡಿಯ ಬೆಲೆಯ ಮುಂದೆ ಇದರ ಖರ್ಚು ಬಹಳ ಸಣ್ಣದು. ಟೆಂಡರ್ ಬರೆಯುವಾಗಲೇ ಸೇರಿಸಬೇಕು ಅಷ್ಟೇ.

ಒಳಗೆ ಕೂರುವವರ ಜೀವ

ಐದು ಜನ ಸಿಬ್ಬಂದಿ ಕೂತರೆ ಹತ್ತಿರ ಹತ್ತಿರ 375 ಕಿಲೋ. ಲಾಠಿ, ಹೆಲ್ಮೆಟ್, ಶೀಲ್ಡ್, ಕೋನ್, ಬೆಂಕಿ ಆರಿಸುವ ಸಿಲಿಂಡರ್, ಪ್ರಥಮ ಚಿಕಿತ್ಸೆ ಪೆಟ್ಟಿಗೆ, ಹಗ್ಗ, ಟಾರ್ಚು. ಮಲೆನಾಡಿನ ಗಾಡಿಯಾದರೆ ಬಿದ್ದ ಮರ ಕೊಯ್ಯುವ ಯಂತ್ರವೂ ಇರಲೇಬೇಕು. ಇಷ್ಟು ಭಾರ ಬಿದ್ದಾಗ ಗಾಡಿಯ ಹಿಂಭಾಗ ಕುಸಿಯುತ್ತದೆ, ಮುಂಭಾಗ ಎದ್ದು ನಿಲ್ಲುತ್ತದೆ. ಹೆಡ್‌ಲೈಟ್ ರಸ್ತೆ ಬಿಟ್ಟು ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಕಂಪನಿ ಹೇಳುವ ಗ್ರೌಂಡ್ ಕ್ಲಿಯರೆನ್ಸ್, ಅಂದರೆ ನೆಲಕ್ಕೂ ಗಾಡಿಯ ಅಡಿಗೂ ನಡುವಿನ ಎತ್ತರ, ಭಾರ ಬಿದ್ದ ಮೇಲೆ ಉಳಿಯುವುದಿಲ್ಲ. ಹಾಗಾಗಿ ಖಾಲಿ ಗಾಡಿಯ ಅಳತೆ ನೋಡಿ ತೀರ್ಮಾನ ಮಾಡಬಾರದು.

ನನಗೆ ನಿಜಕ್ಕೂ ಸಂಕಟವಾಗುವುದು ಸುರಕ್ಷತೆಯ ವಿಷಯದಲ್ಲಿ. ಊರಿನ ಎಲ್ಲರಿಗೂ ಸೀಟ್‌ಬೆಲ್ಟ್ ಹಾಕಿ ಎಂದು ಹೇಳುವ ಪೊಲೀಸರು ಕೂರುವ ಗಾಡಿಯ ಹಿಂದುಗಡೆ ಎದುರುಬದುರಾಗಿ ಪಕ್ಕಕ್ಕೆ ಮುಖ ಮಾಡಿದ ಸೀಟು ಇರುತ್ತದೆ. ಗಾಡಿ ಢಿಕ್ಕಿಯಾದರೆ ಅಲ್ಲಿ ಕೂತವರ ದೇಹವನ್ನು ಹಿಡಿಯುವುದು ಏನೂ ಇಲ್ಲ. ಕಟ್ಟದೆ ಇಟ್ಟ ಸಿಲಿಂಡರೂ ಕೋನೂ ಹಾರಿ ಬಂದು ತಲೆಗೆ ಬಡಿಯುತ್ತವೆ. ವೈರ್‌ಲೆಸ್ ಸೆಟ್ಟನ್ನು ಡ್ಯಾಶ್‌ಬೋರ್ಡಿನ ಮೇಲೆ, ಏರ್‌ಬ್ಯಾಗ್ ಬಿಚ್ಚಿಕೊಳ್ಳುವ ಜಾಗದಲ್ಲಿ ಕೂರಿಸಿದರೆ ಇನ್ನೂ ಅಪಾಯ. ಏರ್‌ಬ್ಯಾಗ್ ಕಣ್ಣು ಮಿಟುಕಿಸುವುದರೊಳಗೆ ಉಬ್ಬುತ್ತದೆ, ಅಡ್ಡ ಇದ್ದದ್ದನ್ನು ಮುಖಕ್ಕೆ ಎಸೆಯುತ್ತದೆ.

ಢಿಕ್ಕಿ ಪರೀಕ್ಷೆಯ ನಕ್ಷತ್ರಗಳನ್ನು ನೋಡದೆ ಗಾಡಿ ಕೊಳ್ಳುವ ಕಾಲ ಮುಗಿದಿದೆ. ಕಾರುಗಳ ಸುರಕ್ಷತೆ ಅಳೆಯುವ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯ ಪರೀಕ್ಷೆಯಲ್ಲಿ ಮಹೀಂದ್ರಾ ಸ್ಕಾರ್ಪಿಯೊ ಎನ್ 2022ರಲ್ಲಿ ದೊಡ್ಡವರ ಸುರಕ್ಷತೆಗೆ ಐದು ನಕ್ಷತ್ರ ಪಡೆಯಿತು. ಅದೇ ಕಂಪನಿಯ ಬೊಲೆರೊ ನಿಯೊ 2024ರಲ್ಲಿ ಪಡೆದದ್ದು ಒಂದು. ನಮ್ಮದೇ ಭಾರತ್ ಎನ್‌ಕ್ಯಾಪ್ 2023ರ ಅಕ್ಟೋಬರ್‌ನಿಂದ ನಡೆಯುತ್ತಿದೆ. ಹಗಲೂ ರಾತ್ರಿ ಹೆದ್ದಾರಿಯಲ್ಲೇ ಇರುವವರಿಗೆ ಕನಿಷ್ಠ ಇಷ್ಟು ನಕ್ಷತ್ರ ಇರಲೇಬೇಕು ಎಂಬ ಸಾಲು ಟೆಂಡರಿನಲ್ಲಿ ಇರಬೇಕೆಂದು ಕೇಳುವುದು ದುಬಾರಿ ಆಸೆಯಲ್ಲ.

ಮಂಜಿನ ವಿಷಯವನ್ನೂ ಹೇಳಿಬಿಡುತ್ತೇನೆ. ಚಾರ್ಮಾಡಿಯ ಮಂಜಿನಲ್ಲಿ ಕೆಂಪು ನೀಲಿ ದೀಪ ಪೂರ್ತಿ ಪ್ರಕಾಶದಲ್ಲಿ ಮಿನುಗಿದರೆ ಬೆಳಕು ಮಂಜಿಗೆ ಬಡಿದು ವಾಪಸ್ ಬರುತ್ತದೆ. ಮೊದಲು ಕುರುಡಾಗುವುದು ಗಾಡಿಯ ಡ್ರೈವರೇ. ದೀಪದ ಪ್ರಕಾಶ ಇಳಿಸುವ ಸ್ವಿಚ್ ಬೇಕು, ಕೆಳಗೆ ಒಳ್ಳೆಯ ಫಾಗ್ ಲ್ಯಾಂಪ್ ಬೇಕು. ಟೈರ್ ಕೂಡ ಅಷ್ಟೇ ಮುಖ್ಯ. ಟೈರಿನ ಗೀರುಗಳ ಆಳ 1.6 ಮಿಲಿಮೀಟರ್ ಉಳಿದಿದ್ದರೆ ಸಾಕು ಎನ್ನುತ್ತದೆ ಕಾನೂನು. ಆದರೆ ಮೂಡಿಗೆರೆ, ಸಕಲೇಶಪುರದ ಮಳೆಗೆ ಅದು ಸಾಲದು. ಮೂರು ಮಿಲಿಮೀಟರಿಗೇ ಬದಲಾಯಿಸಬೇಕು.

ಯಾವ ಕೆಲಸಕ್ಕೆ ಯಾವ ಗಾಡಿ

ಹೆದ್ದಾರಿ ಗಸ್ತಿಗೆ, ಅಂದರೆ ಚನ್ನರಾಯಪಟ್ಟಣ, ಹಾಸನ, ಅರಸೀಕೆರೆ, ಕಡೂರಿನ ಕಡೆಗೆ, ನೆಲಕ್ಕೆ ಹತ್ತಿರವಾಗಿ ಕೂತು ಸ್ಥಿರವಾಗಿ ಓಡುವ ಏಳು ಸೀಟಿನ ಗಾಡಿ ಸಾಕು. ಎರ್ಟಿಗಾ, ಇನ್ನೋವಾದಂಥವು. ಬಯಲಲ್ಲಿ ಎತ್ತರದ ಜೀಪು ತರುವುದು ಸುಮ್ನೆ ಖರ್ಚು. ಎತ್ತರದ ಗಾಡಿ ವೇಗದಲ್ಲಿ ತಟ್ಟನೆ ತಿರುಗಿದರೆ ಪಲ್ಟಿ ಹೊಡೆಯುವ ಭಯವೂ ಜಾಸ್ತಿ.

ಇನ್ನು ಘಾಟಿ ಕಡೆಯ ಠಾಣೆಗಳಿಗೆ ಬೊಲೆರೊ. ಅದು 2000ನೇ ಇಸವಿಯಿಂದ ನಮ್ಮ ರಸ್ತೆಯಲ್ಲಿದೆ. ಅದರ ಗಟ್ಟಿ ಚಾಸಿ, ಸಣ್ಣ ಊರಿನ ಮೆಕ್ಯಾನಿಕ್‌ಗೂ ಗೊತ್ತಿರುವ ಎಂಜಿನ್, ಎಲ್ಲೆಡೆ ಸಿಗುವ ಬಿಡಿಭಾಗ, ಇವೆಲ್ಲಾ ನಿಜವಾದ ಗುಣಗಳು. ಶೃಂಗೇರಿಯಲ್ಲಿ ಕೆಟ್ಟು ನಿಂತ ಗಾಡಿ ಅಲ್ಲೇ ರಿಪೇರಿಯಾಗುವುದಕ್ಕೂ ಬಿಡಿಭಾಗಕ್ಕೆ ವಾರ ಕಾಯುವುದಕ್ಕೂ ಬಹಳ ವ್ಯತ್ಯಾಸ. ಬೊಲೆರೊದ ಹಾಗೆ ಎಂಜಿನ್ ಹಿಂದಿನ ಚಕ್ರವನ್ನು ತಿರುಗಿಸುವ ಗಾಡಿ ಏರಿನಲ್ಲಿ ಭಾರ ಹಿಂದಕ್ಕೆ ಬಂದಾಗ ಚೆನ್ನಾಗಿ ಹಿಡಿಯುತ್ತದೆ. ಎಂಜಿನ್ ಮುಂದಿನ ಚಕ್ರವನ್ನು ತಿರುಗಿಸುವ ಗಾಡಿ ಅಲ್ಲೇ ಜಾರುತ್ತದೆ. ಆದರೆ ಸುರಕ್ಷತೆ ಬಗ್ಗೆ ಮೇಲೆ ಹೇಳಿದ್ದನ್ನು ಮರೆತು ಬರೀ ಗಟ್ಟಿತನ ನೋಡಬಾರದು.

ಕೆಸರಿಗೆ ಇದೂ ಸಾಲದು. ಕಳಸ, ಮೂಡಿಗೆರೆ, ಸಕಲೇಶಪುರದ ಒಳದಾರಿಗೆ ಠಾಣೆಗೊಂದಾದರೂ ಎಂಜಿನ್ ನಾಲ್ಕೂ ಚಕ್ರವನ್ನು ತಿರುಗಿಸುವ ಗಾಡಿ ಇರಬೇಕು. ಇದರಲ್ಲೂ ಆಯ್ಕೆ ಸುಲಭವಿಲ್ಲ. ಮೂರು ಬಾಗಿಲಿನ ಥಾರ್‌ನ ಅಡಿ ನೆಲದಿಂದ 226 ಮಿಲಿಮೀಟರ್ ಎತ್ತರದಲ್ಲಿ ನಿಲ್ಲುತ್ತದೆ. ಆದರೆ ಹಿಂದೆ ಹತ್ತುವುದು ಕಷ್ಟ, ಸಾಮಾನಿಗೆ ಜಾಗವಿಲ್ಲ. ಆರೋಪಿಯನ್ನು ನಡುವೆ ಕೂರಿಸಿ ಇಬ್ಬರು ಆಚೀಚೆ ಕೂರುವುದು ಸಾಧ್ಯವೇ ಇಲ್ಲ. ಜಿಮ್ನಿ 1645 ಮಿಲಿಮೀಟರ್ ಅಗಲ ಮಾತ್ರ. ತೋಟದ ದಾರಿಯಲ್ಲಿ ಎದುರು ಪಿಕಪ್ ಬಂದರೆ ಪಕ್ಕಕ್ಕೆ ಸರಿಯಬಹುದು. ಆದರೆ ನಾಲ್ಕೇ ಸೀಟು. ಸ್ಕಾರ್ಪಿಯೊ ಎನ್‌ನ ಅಗಲ 1917 ಮಿಲಿಮೀಟರ್. ಜಾಗ, ಸುರಕ್ಷತೆ, ನಾಲ್ಕು ಚಕ್ರದ ಬಲ ಎಲ್ಲಾ ಇದೆ, ಕಿರಿದಾದ ದಾರಿಯಲ್ಲಿ ಮಾತ್ರ ಒದ್ದಾಟ. ಕೇರಳ ಪೊಲೀಸರು ಇಂಥ ಜಾಗಗಳಿಗೆ ಫೋರ್ಸ್ ಗೂರ್ಖಾ ಕೊಂಡಿದ್ದಾರೆ. ನನ್ನನ್ನು ಕೇಳಿದರೆ ಠಾಣೆಯ ಮುಖ್ಯ ಗಾಡಿ ದೊಡ್ಡದಿರಲಿ, ಒಳದಾರಿಗೆ ಕಿರಿದಾದ ಇನ್ನೊಂದು ಇರಲಿ. ಆಲೂರು, ಬೇಲೂರು ಕಡೆ ಕಿರಿದಾದ ದಾರಿಯಲ್ಲಿ ಆನೆ ಎದುರಾದರೆ ಬೇಗ ರಿವರ್ಸ್ ಹೋಗಲೂ ಸಣ್ಣ ಗಾಡಿಯೇ ವಾಸಿ.

ಕರೆಂಟ್ ಗಾಡಿ ಹಾಸನ, ಚಿಕ್ಕಮಗಳೂರು ಪಟ್ಟಣದ ಟ್ರಾಫಿಕ್ ಕೆಲಸಕ್ಕೆ ಚೆನ್ನಾಗಿ ಹೊಂದುತ್ತದೆ. ನಿಂತಾಗ ಇಂಧನ ಸುಡುವುದಿಲ್ಲ, ಮಸಿಯ ಕಾಟವಿಲ್ಲ. ಪಾಳಿಯಿಂದ ಪಾಳಿಗೆ ಬಿಡುವಿಲ್ಲದೆ ಕೈ ಬದಲಾಗುವ 112 ಗಾಡಿಗೆ ಚಾರ್ಜ್ ಮಾಡಲು ಸಮಯ ಸಿಗುವುದಿಲ್ಲ. ಅದಕ್ಕೆ ಇನ್ನೂ ಕಾಯಬೇಕು.

ಇಷ್ಟೆಲ್ಲಾ ತೀರ್ಮಾನವಾಗುವುದು ಕಾಗದದ ಮೇಲೆ. ಸರ್ಕಾರಿ ಖರೀದಿ ಕರ್ನಾಟಕದ 1999ರ ಸಾರ್ವಜನಿಕ ಖರೀದಿ ಪಾರದರ್ಶಕತೆ ಕಾಯ್ದೆಯಂತೆ ನಡೆಯುತ್ತದೆ. ಕೇಳಿದ ಗುಣಗಳು ಇವೆಯೇ ಎಂದು ಮೊದಲು ನೋಡುತ್ತಾರೆ, ಆಮೇಲೆ ಕಡಿಮೆ ಬೆಲೆ ಹೇಳಿದವರಿಗೆ ಆದೇಶ ಹೋಗುತ್ತದೆ. ಬರೀ ಡೀಸೆಲ್, ಏಳು ಸೀಟು ಎಂದಷ್ಟೇ ಬರೆದರೆ ಎಲ್ಲಕ್ಕಿಂತ ಅಗ್ಗದ ಏಳು ಸೀಟಿನ ಡೀಸೆಲ್ ಗಾಡಿ ಕಡೂರಿಗೂ ಬರುತ್ತದೆ, ಕಳಸಕ್ಕೂ ಬರುತ್ತದೆ. ಬೆಲೆಯ ಜೊತೆಗೆ ಐದು ವರ್ಷದ ಇಂಧನ, ಟೈರ್, ಕ್ಲಚ್, ಸರ್ವಿಸ್ ಸೇರಿಸಿ ಲೆಕ್ಕ ಹಾಕಿದರೆ ಅಗ್ಗದ್ದು ಯಾವುದು ಎಂಬುದು ಬದಲಾಗಬಹುದು. ಹದಿನೈದು ವರ್ಷ ದಾಟಿದ ಸರ್ಕಾರಿ ಗಾಡಿ 2023ರ ಏಪ್ರಿಲ್ 1ರಿಂದ ರಸ್ತೆಗೆ ಇಳಿಯುವಂತಿಲ್ಲ. ಆದರೆ ದಿನಕ್ಕೆ 200 ಕಿಲೋಮೀಟರ್ ಓಡುವ ಗಾಡಿ ಮೂರೇ ವರ್ಷದಲ್ಲಿ 2 ಲಕ್ಷ 19 ಸಾವಿರ ಕಿಲೋಮೀಟರ್ ಮುಟ್ಟುತ್ತದೆ. ಅದಕ್ಕೆ ವಯಸ್ಸಿನ ಲೆಕ್ಕ ಹಿಡಿದು ಕೂರಬಾರದು.

ಅಮೆರಿಕದ ಮಿಚಿಗನ್ ರಾಜ್ಯದ ಪೊಲೀಸರು ಪ್ರತಿ ವರ್ಷ ಹೊಸ ಪೊಲೀಸ್ ಗಾಡಿಗಳನ್ನು ಪರೀಕ್ಷೆ ಮಾಡಿ ಫಲಿತಾಂಶವನ್ನು ಎಲ್ಲರಿಗೂ ಕೊಡುತ್ತಾರೆ. ವೇಗ, ಬ್ರೇಕ್ ಮಾತ್ರವಲ್ಲ, ಸೀಟು ಹೇಗಿದೆ, ರೇಡಿಯೊ ಕೂರಿಸಲು ಜಾಗ ಹೇಗಿದೆ ಎಂಬುದಕ್ಕೂ ಅಂಕ ಇದೆ. ನಮ್ಮಲ್ಲೂ ಇದು ಆಗಬಹುದು. ಜಿಲ್ಲಾ ಸಶಸ್ತ್ರ ಪಡೆಯ ಎಂಟಿ ಸೆಕ್ಷನ್‌ನಲ್ಲಿ, ಅಂದರೆ ಗಾಡಿಗಳನ್ನು ನೋಡಿಕೊಳ್ಳುವ ವಿಭಾಗದಲ್ಲಿ, ಈ ರಸ್ತೆಗಳನ್ನು ಅಂಗೈಯಷ್ಟು ಬಲ್ಲ ಡ್ರೈವರ್‌ಗಳಿದ್ದಾರೆ. ಐದು ಜನ ಕೂತು, ಪೂರ್ತಿ ಸಾಮಾನು ತುಂಬಿ, ಕೊಟ್ಟಿಗೆಹಾರದಿಂದ ಚಾರ್ಮಾಡಿಗೆ ಇಳಿದು ಮತ್ತೆ ಹತ್ತಿ ಬರಲಿ. ರಾತ್ರಿಯೂ ಒಮ್ಮೆ ಹೋಗಲಿ. ಬ್ರೇಕ್, ಹೆಡ್‌ಲೈಟ್, ಕ್ಲಚ್, ಬೆನ್ನುನೋವು ಎಲ್ಲಕ್ಕೂ ಅವರೇ ಅಂಕ ಕೊಡಲಿ. ಈ ಪರೀಕ್ಷೆ ಜುಲೈ ತಿಂಗಳ ಮಳೆಯಲ್ಲೇ ನಡೆಯಬೇಕು. ಅವರ ಅಂಕಪಟ್ಟಿ ಟೆಂಡರ್ ಬರೆಯುವವರ ಮೇಜಿಗೆ ಮೊದಲೇ ತಲುಪಬೇಕು.